ಸೊನ್ನೆ ಬರೆದವರು ಯಾರು?

ಒಂದು ತಾಲೂಕಿನಲ್ಲಿ ಒಂದು ವರ್ಷ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಒಂದೂ ಕೇಸು ದಾಖಲಾಗಲಿಲ್ಲ ಎಂದಿಟ್ಟುಕೊಳ್ಳಿ. ಅಲ್ಲಿಯ ಅಧಿಕಾರಿ ಸಭೆಯಲ್ಲಿ ಎದ್ದು ನಿಂತು 'ನಿರಂಕ' ಎಂದು ಹೇಳಿ ಕೂಡುತ್ತಾನೆ. ಪಕ್ಕದ ತಾಲೂಕಿನಲ್ಲಿ ಮೂವತ್ತು ಕೇಸು ದಾಖಲಾಗಿದ್ದರೆ ಅಲ್ಲಿಯ ಅಧಿಕಾರಿ ತಲೆ ತಗ್ಗಿಸಿ ಸಮಜಾಯಿಷಿ ಕೊಡುತ್ತಾನೆ. ನಾವು ಕೇಳುವುದು ಇಷ್ಟೇ: ಈ ಎರಡರಲ್ಲಿ ಯಾವ ತಾಲೂಕಿನ ಮಗುವಿಗೆ ಬಾಯಿ ಇದೆ? ಯಾವ ತಾಲೂಕಿನ ಅವ್ವ ಠಾಣೆಯ ಮೆಟ್ಟಿಲು ಹತ್ತಿದ್ದಾಳೆ? ಸೊನ್ನೆ ಎಂದರೆ ಅಪರಾಧ ಆಗಿಲ್ಲ ಎಂದಲ್ಲ. ಬಹಳ ಸಲ ಅದು ಯಾರೂ ಹೇಳಲಿಲ್ಲ, ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ ಎಂಬುದರ ಗುರುತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ತಾಲೂಕುಗಳ ಕೇರಿಗಳಲ್ಲಿ ಹುಡುಗಿಯರಿಗೆ ಆದದ್ದನ್ನು ಸರ್ಕಾರಗಳು ನೂರೈವತ್ತು ವರ್ಷಗಳಿಂದ ಬರೆಯುತ್ತಲೇ ಬಂದಿವೆ. ಬರೆದೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಆದರೆ ಬರೆದವರು ಒಮ್ಮೆ ಅದನ್ನು ಜಾತಿಯ ಪದ್ಧತಿ ಎಂದು ಬರೆದರು, ಇನ್ನೊಮ್ಮೆ ಹೆಂಗಸಿನ ಕಸುಬು ಎಂದು ಬರೆದರು, ಮತ್ತೊಮ್ಮೆ ಫಲಾನುಭವಿಗಳ ಪಟ್ಟಿ ಎಂದು ಬರೆದರು. ಒಂದು ಮಗುವಿನ ಮೇಲೆ ಒಬ್ಬ ಗಂಡಸು ಮಾಡಿದ ಅಪರಾಧ ಎಂದು ಬರೆಯಲು ಮಾತ್ರ ಲೆಕ್ಕಣಿಕೆ ಎತ್ತಲಿಲ್ಲ. ಇದೇ ನಮ್ಮ ತಕರಾರು.

ಹಳೆಯ ಕಾಗದದಿಂದಲೇ ಸುರು ಮಾಡೋಣ. 1884ರಲ್ಲಿ ಮುಂಬಯಿ ಸರ್ಕಾರ ವಿಜಾಪುರ ಜಿಲ್ಲೆಯ ಗ್ಯಾಝೆಟಿಯರ್ ಅಚ್ಚು ಮಾಡಿಸಿತು. ಜಾತಿ ಜಾತಿಗಳ ಊಟ, ಉಡುಗೆ, ದೇವರು, ಮದುವೆ, ಸಾವು ಎಲ್ಲವನ್ನೂ ಅದು ಬರೆದಿಟ್ಟಿದೆ. ಕೆಳಜಾತಿಯ ಬದುಕೆಲ್ಲ ಆ ಬರಹದಲ್ಲಿ 'ಪದ್ಧತಿ'. ಪದ್ಧತಿ ಎಂದ ಮೇಲೆ ಅದಕ್ಕೆ ಅಪರಾಧಿ ಇರುವುದಿಲ್ಲ. ಮಳೆ ಬಂದಂತೆ, ಬರ ಬಿದ್ದಂತೆ ಅದೂ ತಾನಾಗಿಯೇ ನಡೆಯುತ್ತದೆ. ಆ ಹೊತ್ತಿಗೆ ಕಾನೂನು ಇರಲಿಲ್ಲವೆ? ಇತ್ತು. 1860ರ ದಂಡ ಸಂಹಿತೆಯ 372 ಮತ್ತು 373ನೆಯ ಕಲಮುಗಳು ಎಳೆಯರನ್ನು ವೇಶ್ಯಾವೃತ್ತಿಗೆ ಮಾರುವುದನ್ನೂ ಕೊಳ್ಳುವುದನ್ನೂ ಹತ್ತು ವರ್ಷ ಜೈಲಿನ ಅಪರಾಧ ಮಾಡಿದ್ದವು. ಅಲ್ಲಿ ಎಳೆಯರು ಎಂದರೆ 16ರ ಒಳಗಿನವರು. 1924ರಲ್ಲಿ ಅದು 18 ಆಯಿತು. ಅದೇ ಸಂಹಿತೆಯ ಇನ್ನೊಂದು ಪುಟದಲ್ಲಿ ಸಮ್ಮತಿಯ ವಯಸ್ಸು ಮಾತ್ರ 10! ಬಂಗಾಳದಲ್ಲಿ ಫೂಲಮಣಿ ದಾಸಿ ಎಂಬ ಎಳೆಯ ಹುಡುಗಿ ಗಂಡನ ಕೈಯಲ್ಲಿ ಸತ್ತ ಮೇಲೆ, 1891ರಲ್ಲಿ ಅದು 12ಕ್ಕೆ ಏರಿತು. ಅಷ್ಟು ಏರಿಸುವುದಕ್ಕೂ ಧರ್ಮ ಕೆಟ್ಟಿತು ಎಂದು ದೊಡ್ಡ ದೊಡ್ಡವರು ಬೊಬ್ಬೆ ಹೊಡೆದರು. ತಿಲಕರೂ ಅವರಲ್ಲಿ ಒಬ್ಬರು.

ಕಾನೂನು ಇದ್ದೂ ಕೇರಿಗೆ ಯಾಕೆ ಬರಲಿಲ್ಲ ಎಂದರೆ, ಕಾನೂನು ಬರುವ ಹಾದಿಯಲ್ಲೇ ವಾಡೆ ಇತ್ತು. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆಯ ಪ್ರಕಾರ ಊರಿನಲ್ಲಿ ನಡೆದ ಅಪರಾಧವನ್ನು ಮೇಲಕ್ಕೆ ತಿಳಿಸುವ ಹೊಣೆ ಪೊಲೀಸ್ ಪಾಟೀಲನದು. ಆ ಹುದ್ದೆ ವಂಶದಿಂದ ವಂಶಕ್ಕೆ ಬರುವ ವತನ. ಮುತ್ತು ಕಟ್ಟಿಸಿಕೊಂಡ ಹುಡುಗಿಯನ್ನು ಮೊದಲು ಇಟ್ಟುಕೊಳ್ಳುವವರು ಯಾರು? ಹೊಲ ಉಳ್ಳವರು, ಸಾಲ ಕೊಟ್ಟವರು, ವಾಡೆಯವರು. ಅಂದರೆ ವರದಿ ಮಾಡಬೇಕಾದ ಮನೆಯೂ, ವರದಿ ಆಗಬೇಕಾದ ಮನೆಯೂ ಒಂದೇ ಓಣಿಯಲ್ಲಿ, ಎಷ್ಟೋ ಕಡೆ ಒಂದೇ ಮಾಡಿನ ಕೆಳಗೆ. ಅಲ್ಲಿಂದ ಸೊನ್ನೆ ಬರದೆ ಇನ್ನೇನು ಬಂದೀತು? ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಹುದ್ದೆ ಹೋಯಿತು, ದರ್ಪ ಉಳಿಯಿತು.

ದೇವರ ಹೆಸರಿನ ಈ ವ್ಯವಹಾರಕ್ಕೆ ಕೈ ಹಾಕಿದ ಕಾನೂನುಗಳೂ ಇವೆ. 1909ರಲ್ಲಿ ಮೈಸೂರು ಸಂಸ್ಥಾನ ಮುಜರಾಯಿ ಗುಡಿಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು. ವಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು, ಅದಕ್ಕೆ ಅನ್ವಯವಾದದ್ದು 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯ್ದೆ. 1936ರ ಜೂನ್ 16ರಂದು ಮುಂಬಯಿಯ ದಾಮೋದರ ಹಾಲ್‌ನಲ್ಲಿ ಬಾಬಾಸಾಹೇಬರು ಜೋಗತಿಯರು, ದೇವದಾಸಿಯರು, ಮುರಳಿಯರು ಸೇರಿದ ಸಭೆಯಲ್ಲಿ ಮಾತಾಡಿದರು. ಆ ಬದುಕು ಬಿಟ್ಟು ಬನ್ನಿ, ಕಷ್ಟವಾದರೂ ಮಾನದ ಬದುಕು ಬಾಳೋಣ ಎಂಬುದು ಆ ಮಾತಿನ ತಿರುಳು. ಕಾನೂನು ದೇವದಾಸಿಯನ್ನು ಪುಸ್ತಕದಲ್ಲಿ ಕಂಡಿತು, ಬಾಬಾಸಾಹೇಬರು ಆಕೆಯನ್ನು ಎದುರಿಗೆ ಕೂಡಿಸಿಕೊಂಡು ಮಾತಾಡಿಸಿದರು. ಇದು ಸಣ್ಣ ವ್ಯತ್ಯಾಸ ಅಲ್ಲ.

1956ರಲ್ಲಿ ಈ ತಾಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಹಳೆಯ ಮುಂಬಯಿ ಕಾಯ್ದೆ ಹಾಗೆಯೇ ಮುಂದುವರೆಯಿತು. ಅದರ ಜಾಗಕ್ಕೆ 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ರೂಪುಗೊಂಡು 1984ರಲ್ಲಿ ಪುಸ್ತಕಕ್ಕೆ ಏರಿತು. ಮುತ್ತು ಕಟ್ಟುವ ಶಾಸ್ತ್ರ ಮಾಡಿದವರಿಗೆ, ಮಾಡಿಸಿದವರಿಗೆ, ಅದರಲ್ಲಿ ಪಾಲ್ಗೊಂಡವರಿಗೆ 3 ವರ್ಷದವರೆಗೆ ಜೈಲು, 2000 ರೂಪಾಯಿವರೆಗೆ ದಂಡ. ಆದರೆ ಮಾಡಿಸಿದವರು ತಾಯಿತಂದೆ, ಪೋಷಕರು, ಸಂಬಂಧಿಕರು ಆಗಿದ್ದರೆ ಶಿಕ್ಷೆ ಹೆಚ್ಚು. 2 ವರ್ಷಕ್ಕೆ ಕಡಿಮೆ ಇಲ್ಲದಂತೆ 5 ವರ್ಷದವರೆಗೆ ಜೈಲು, 5000ದವರೆಗೆ ದಂಡ.

ಗೆಳೆಯರೆ, ಈ ಕಲಮನ್ನು ಇನ್ನೊಮ್ಮೆ ಓದಿ. ಹೊಲ ಇಲ್ಲದ, ಗಂಡುಮಗ ಇಲ್ಲದ, ಸಾಲ ಹೊತ್ತ ತಾಯಿಗೆ ಹೆಚ್ಚಿನ ಶಿಕ್ಷೆ. ಮುತ್ತು ಕಟ್ಟಿದ ಮೇಲೆ ಆ ಹುಡುಗಿಯನ್ನು ಇಟ್ಟುಕೊಂಡ ಗಂಡಸಿನ ಹೆಸರೇ ಈ ಕಾಯ್ದೆಯಲ್ಲಿ ಇಲ್ಲ. ಶಾಸ್ತ್ರ ಅಪರಾಧ ಆಯಿತು, ಶಾಸ್ತ್ರದ ಲಾಭ ಉಂಡವನು ಹೊರಗೆ ಉಳಿದ. ಇನ್ನು ಯಾವ ತಾಯಿ ಠಾಣೆಗೆ ಬಂದು 'ನನ್ನ ಮಗಳಿಗೆ ಹಿಂಗಾಗ್ಯಾದ್ರಿ ಸಾಹೇಬ್ರ' ಎಂದಾಳು? ಹೇಳಿದರೆ ಮೊದಲು ಒಳಗೆ ಹೋಗುವವಳು ತಾನೇ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಹಾಡುಹಗಲೇ ನಡೆಯುತ್ತಿದ್ದ ಶಾಸ್ತ್ರ ಆಮೇಲೆ ಮನೆಯ ಒಳಗೆ, ಪರವೂರಿನ ಪೂಜಾರಿಯ ಜಗಲಿಗೆ ಸರಿಯಿತು. ಗುಡಿಯ ಮುಂದೆ ಕಾಯುವ ಪೊಲೀಸನಿಗೆ ಅದು ಕಾಣಲಿಲ್ಲ. ಕಾಣದ್ದು ಸೊನ್ನೆ.

ಈಗ ಇನ್ನೊಂದು ಲೆಕ್ಕ ನೋಡೋಣ. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ದೇವದಾಸಿ ಪುನರ್ವಸತಿಗಾಗಿ ಎರಡು ಸಮೀಕ್ಷೆ ಮಾಡಿಸಿತು. 1993-94ರಲ್ಲಿ ಸಿಕ್ಕ ಹೆಸರು 22,873. 2007-08ರಲ್ಲಿ ಹೊಸದಾಗಿ ಸಿಕ್ಕ ಹೆಸರು 23,787. ಒಟ್ಟು 46,660. ವಿಜಾಪುರ ಜಿಲ್ಲೆಯೂ ಈ ಪಟ್ಟಿಯ ಮುಖ್ಯ ಜಿಲ್ಲೆಗಳಲ್ಲಿ ಒಂದು. ಈ ಪಟ್ಟಿಯಿಂದ ಸಾಲ, ಮನೆ, ಮಾಸಾಶನ ಸಿಕ್ಕಿದೆ. ಅದು ಬೇಡ ಎನ್ನುವ ಹಕ್ಕು ನಮಗಿಲ್ಲ. ಹೊಟ್ಟೆಗೆ ಸಿಕ್ಕ ರೊಟ್ಟಿಯನ್ನು ಹೀಯಾಳಿಸುವವರು ನಾವಲ್ಲ. ಆದರೆ ಒಂದು ಮಾತು. ಮುತ್ತು ಕಟ್ಟುವುದು ಸಾಮಾನ್ಯವಾಗಿ ಯಾವ ವಯಸ್ಸಿಗೆ? ಬುದ್ಧಿ ಬರುವ ಮುಂಚೆ. 2018ರಲ್ಲಿ ಪದ್ಮಶ್ರೀ ಪಡೆದ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ತಮಗೆ ಮುತ್ತು ಕಟ್ಟಿದಾಗ ಏಳು ವರ್ಷ ಎಂದು ಲೋಕದ ಮುಂದೆ ಹೇಳಿದ್ದಾರೆ. ಹಾಗಾದರೆ 46,660 ಎಂಬುದು ಹೆಂಗಸರ ಸಂಖ್ಯೆಯಷ್ಟೇ ಅಲ್ಲ. ಬಹುಪಾಲು ಅದು ಒಂದು ಕಾಲದ ಮಕ್ಕಳ ಸಂಖ್ಯೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಇಷ್ಟು ದೊಡ್ಡ ಪಟ್ಟಿ ಸರ್ಕಾರದ ಕಪಾಟಿನಲ್ಲೇ ಇದೆ. ಆದರೆ ಅದಕ್ಕೆ ಆ ಹೆಸರಿಲ್ಲ. ಅದರ ಎದುರಿಗೆ 1982ರ ಕಾಯ್ದೆಯಡಿ ಶಿಕ್ಷೆ ಆದವರನ್ನು ನಿಲ್ಲಿಸಿದರೆ ಅವರು ಯಾವ ಮೂಲೆಗೂ ಸಾಲರು. ನೊಂದವರ ಪಟ್ಟಿ ಇದೆ, ನೋಯಿಸಿದವರ ಪಟ್ಟಿ ಇಲ್ಲ.

2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ನವೆಂಬರ್ 14ರಿಂದ ಜಾರಿ. 18ರ ಒಳಗಿನ ಯಾರ ಮೇಲೆ ಆದರೂ, ಹುಡುಗಿಯಾಗಲಿ ಹುಡುಗನಾಗಲಿ, ಅಪರಾಧ ಅಪರಾಧವೇ. ಇದರಲ್ಲಿ ಹಳ್ಳಿಯ ಮಾಸ್ತರರು, ಅಕ್ಕೋರು ತಿಳಿದಿರಬೇಕಾದ ಮಾತು ಇವೆ. ಇಂಥದ್ದು ಆಗಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 19ನೆಯ ಕಲಮು. ತಿಳಿಸದೆ ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ. ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಇಲ್ಲವೆ ಮಗು ಹೇಳಿದ ಜಾಗದಲ್ಲಿ, ಆದಷ್ಟೂ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು, ಖಾಕಿ ತೊಟ್ಟಿರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ನ್ಯಾಯಾಲಯ ಕೇಸು ಕೈಗೆತ್ತಿಕೊಂಡ 30 ದಿನದಲ್ಲಿ ಮಗುವಿನ ಸಾಕ್ಷ್ಯ, ಸಾಧ್ಯವಾದಷ್ಟು 1 ವರ್ಷದಲ್ಲಿ ವಿಚಾರಣೆ ಮುಗಿಯಬೇಕು. ಇದರ ಜೊತೆಗೆ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿ, ಪರಿಶಿಷ್ಟ ಜಾತಿ ಪಂಗಡದ ಹೆಣ್ಣನ್ನು ದೇವದಾಸಿಯಾಗಿ ಅರ್ಪಿಸುವುದನ್ನೂ ಅದಕ್ಕೆ ಕುಮ್ಮಕ್ಕು ಕೊಡುವುದನ್ನೂ ದೌರ್ಜನ್ಯ ಎಂದೇ ಕರೆಯಿತು. ಕಾಗದದ ಮೇಲೆ ಕೊರತೆ ಇಲ್ಲ.

ಕೊರತೆ ಇರುವುದು ಲೆಕ್ಕದಲ್ಲಿ. ಒಬ್ಬ ಹುಡುಗಿಯನ್ನು ನಮ್ಮ ಕಣ್ಣ ಮುಂದೆ ತಂದುಕೊಳ್ಳೋಣ. ಹೆಸರು ಬೇಡ, ಊರು ಬೇಡ. ಅವ್ವ ಅಪ್ಪ ಕಬ್ಬು ಕಡಿಯಾಕ ಹೋಗ್ಯಾರ, ಹುಡುಗಿ ಅಜ್ಜಿಯ ಹತ್ತಿರ ಉಳಿದಾಳ. ಏಳನೆಯ ಇಯತ್ತೆಯ ಹಾಜರಿ ಪುಸ್ತಕದಲ್ಲಿ ಆಕೆ 'ಸತತ ಗೈರುಹಾಜರಿ'. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಕೆಲವು ತಿಂಗಳ ನಂತರ 'ಗರ್ಭಿಣಿ'. ಊರು ಬಿಟ್ಟರೆ ಠಾಣೆಯಲ್ಲಿ 'ಕಾಣೆ'. ಅವಸರದಲ್ಲಿ ಮದುವೆ ಮಾಡಿದರೆ ಇನ್ನೊಂದು ಇಲಾಖೆಯಲ್ಲಿ 'ಬಾಲ್ಯವಿವಾಹ'. ನ್ಯಾಯಾಲಯದವರೆಗೆ ಹೋಗಿ, ಹಿರಿಯರ ರಾಜಿಗೆ ಮಣಿದು, ಸಾಕ್ಷಿಕಟ್ಟೆಯಲ್ಲಿ 'ನನಗ ಏನೂ ಗೊತ್ತಿಲ್ರಿ' ಎಂದರೆ 'ಪ್ರತಿಕೂಲ ಸಾಕ್ಷಿ'. ಮೂವತ್ತು ವರ್ಷ ಕಳೆದು ಬದುಕಿದ್ದರೆ ಯಾವುದೋ ಪಟ್ಟಿಯಲ್ಲಿ 'ಫಲಾನುಭವಿ'. ಐದಾರು ಕಚೇರಿ, ಐದಾರು ಹೆಸರು, ಹುಡುಗಿ ಒಬ್ಬಳೇ. ಪ್ರತಿ ಕಚೇರಿಯೂ ತನ್ನ ಕೆಲಸದ ಹೆಸರಿನಿಂದ ಆಕೆಯನ್ನು ಕರೆಯಿತು. ಆಕೆಗೆ ಆದದ್ದರ ಹೆಸರಿನಿಂದ ಯಾರೂ ಕರೆಯಲಿಲ್ಲ. 18ರ ಒಳಗಿನ ಹೆಂಡತಿಯೊಡನೆ ಗಂಡ ನಡೆಸುವ ಸಂಭೋಗವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟು 2017ರ ಅಕ್ಟೋಬರಿನಲ್ಲಿ ಹೇಳಿತು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂಬ ತಿದ್ದುಪಡಿ ಕರ್ನಾಟಕದಲ್ಲಿದೆ. ಆದರೂ ಆಸ್ಪತ್ರೆಯ ಪುಸ್ತಕ, ಠಾಣೆಯ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ಓದುವವರು ಎಲ್ಲಿದ್ದಾರೆ?

ಮೇಲಿನ ಲೆಕ್ಕವೂ ಹೀಗೆಯೇ. 2007ರಲ್ಲಿ ಕೇಂದ್ರ ಸರ್ಕಾರ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿ ವರದಿ ತಂದಿತು. 53.22 ಶೇಕಡಾ ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದೇವೆ ಎಂದರು. ಮಾಡಿದವರಲ್ಲಿ ಅರ್ಧದಷ್ಟು ಜನ ಗುರುತಿನವರು, ನಂಬಿದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಆ 13 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಅದರ ಪಕ್ಕದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಅಂಕಿ ಇಡಿ. ಮಕ್ಕಳ ಮೇಲಿನ ಎಲ್ಲ ಬಗೆಯ ಅಪರಾಧ ಸೇರಿ 2021ರಲ್ಲಿ ದೇಶದಲ್ಲಿ 1,49,404 ಕೇಸು, 2022ರಲ್ಲಿ 1,62,449. ಒಂದು ಮಕ್ಕಳನ್ನೇ ಕೇಳಿದ ಲೆಕ್ಕ, ಇನ್ನೊಂದು ಠಾಣೆ ಬರೆದುಕೊಂಡ ಲೆಕ್ಕ. ಎರಡರ ನಡುವಿನ ಕಂದಕದಲ್ಲಿ ಮಕ್ಕಳು ಬಿದ್ದಿದ್ದಾರೆ. ಬ್ಯೂರೊದ ನಿಯಮದ ಪ್ರಕಾರ ಒಂದು ಕೇಸಿನಲ್ಲಿ ಹಲವು ಅಪರಾಧ ಇದ್ದರೆ ಅವುಗಳಲ್ಲಿ ಘೋರವಾದದ್ದರ ತಲೆಬರಹದ ಕೆಳಗೆ ಮಾತ್ರ ಅದನ್ನು ಎಣಿಸುತ್ತಾರೆ. ಉಳಿದವು ಲೆಕ್ಕದಿಂದ ಜಾರುತ್ತವೆ. ಕೇಸು ಏರಿತು ಎಂದ ಕೂಡಲೆ 'ಕಾಲ ಕೆಟ್ಟಿತು' ಎನ್ನುವವರಿಗೆ ನಾವು ಹೇಳುವುದು: ಕಾಲ ಮೊದಲಿನಿಂದಲೂ ಕೆಟ್ಟಿತ್ತು, ಈಗ ಕೆಲವರು ಹೇಳಲು ಸುರು ಮಾಡಿದ್ದಾರೆ.

ಹಳೆಯ ಅಂಕಿಗೂ ಹೊಸ ಅಂಕಿಗೂ ತೂಕ ಹಾಕುವವರು ನೆಲದ ಗೆರೆಯನ್ನೂ ನೋಡಬೇಕು. 1997ರಲ್ಲಿ ವಿಜಾಪುರ ಒಡೆದು ಬಾಗಲಕೋಟೆ ಜಿಲ್ಲೆ ಆಯಿತು. 2014ರಲ್ಲಿ ಉಳಿದದ್ದಕ್ಕೆ ವಿಜಯಪುರ ಎಂದು ಹೆಸರಾಯಿತು. 2018ರಲ್ಲಿ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ ಹೊಸ ತಾಲೂಕುಗಳಾದವು. ತಾಲೂಕು ಒಡೆದಾಗ ಅದರ ಅಂಕಿ ತಾನಾಗಿಯೇ ಇಳಿಯುತ್ತದೆ. ಅದನ್ನು ಸುಧಾರಣೆ ಎಂದು ಭಾಷಣ ಮಾಡಲು ಬಿಡಬಾರದು.

ಲೆಕ್ಕ ಇನ್ನೊಂದು ದಿಕ್ಕಿನಿಂದಲೂ ಕೆಡುತ್ತದೆ, ಅದನ್ನು ಮುಚ್ಚಿಡುವುದು ಚಳವಳಿಗೆ ಒಳ್ಳೆಯದಲ್ಲ. ಹದಿನೇಳರ ಹುಡುಗಿ, ಇಪ್ಪತ್ತರ ಹುಡುಗ ಪ್ರೀತಿಸಿ ಓಡಿಹೋದರೆ, ಹುಡುಗ ಕೇರಿಯವನಾದರೆ, ವರ್ಷಗಟ್ಟಲೆ ನಮ್ಮ ಫಿರ್ಯಾದಿ ಬರೆದುಕೊಳ್ಳದ ಠಾಣೆ ಆಗ ಒಂದೇ ರಾತ್ರಿಯಲ್ಲಿ ಪೋಕ್ಸೊ ಬರೆಯುತ್ತದೆ. ಮಗುವನ್ನು ಕಾಯಲು ಮಾಡಿದ ಕಾನೂನು ಅಲ್ಲಿ ಜಾತಿಯನ್ನು ಕಾಯುತ್ತದೆ. 2022ರ ನವೆಂಬರಿನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ವಯಸ್ಸಿನ ಈ ಗೆರೆಯ ಬಗ್ಗೆ ಮತ್ತೆ ಯೋಚಿಸಲು ಕಾನೂನು ಆಯೋಗಕ್ಕೆ ಹೇಳಿತು. ಗೆರೆ ಇಳಿಸುವುದು ಬೇಡ ಎಂದು ಆಯೋಗ 2023ರಲ್ಲಿ ವರದಿ ಕೊಟ್ಟಿತು. ಗೆರೆ ಎಲ್ಲಿರಬೇಕು ಎಂಬ ವಾದ ನಡೆಯಲಿ. ಆದರೆ ವಾಡೆಯ ಕೋಪಕ್ಕೆ ದಾಖಲಾದ ಕೇಸನ್ನೂ, ಕೇರಿಯ ಮಗುವಿನ ಅಳುವಿಗೆ ದಾಖಲಾದ ಕೇಸನ್ನೂ ಒಂದೇ ಬುಟ್ಟಿಯಲ್ಲಿ ಹಾಕಿ ಎಣಿಸಿದರೆ ಆ ಎಣಿಕೆಯಿಂದ ಏನೂ ತಿಳಿಯುವುದಿಲ್ಲ.

ಇನ್ನು ಮಾಸ್ತರರ ಕೈಯಲ್ಲಿರುವ ಒಂದು ಮಾತು. ನ್ಯಾಯಾಲಯದಲ್ಲಿ ಮೊದಲ ಜಗಳ ವಯಸ್ಸಿನದು. 2015ರ ಬಾಲನ್ಯಾಯ ಕಾಯ್ದೆಯ 94ನೆಯ ಕಲಮಿನ ಪ್ರಕಾರ ಮೊದಲು ನೋಡುವುದು ಶಾಲೆಯ ಜನ್ಮ ದಿನಾಂಕದ ದಾಖಲೆ, ಅದಿಲ್ಲದಿದ್ದರೆ ಪಂಚಾಯ್ತಿ ಪುರಸಭೆಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ನಮ್ಮ ಹಳ್ಳಿಯ ಶಾಲೆಗಳಲ್ಲಿ ಅರ್ಧ ಊರು ಹುಟ್ಟಿದ್ದು ಜೂನ್ 1ರಂದು! ಕೈ ತಲೆಯ ಮೇಲಿಂದ ಕಿವಿಗೆ ಮುಟ್ಟಿತೆ ಎಂದು ನೋಡಿ, ವರ್ಷ ಒಂದು ಹಿಂದೆಯೋ ಮುಂದೆಯೋ ಬರೆದು ಹೆಸರು ಹಚ್ಚಿದವರು ನಾವೇ. ಆ ದಿನ ಅವಸರದಲ್ಲಿ ಗೀಚಿದ ವರ್ಷ, ಹತ್ತು ವರ್ಷದ ನಂತರ ಒಂದು ಹುಡುಗಿಯನ್ನು ನ್ಯಾಯಾಲಯದಲ್ಲಿ ಮಗು ಅಲ್ಲ ಎಂದು ಮಾಡಬಲ್ಲದು. ಹಾಗೆಯೇ ದಾಖಲಾತಿಯ 'ತಂದೆಯ ಹೆಸರು' ಎಂಬ ಕಾಲಂ ಮುಂದೆ ಎಷ್ಟು ದೇವದಾಸಿ ತಾಯಂದಿರು ತಲೆ ಬಾಗಿಸಿ ನಿಂತಿದ್ದಾರೆ ಎಂಬುದೂ ನಮಗೆ ಗೊತ್ತು.

2025ರ ಆಗಸ್ಟಿನಲ್ಲಿ ರಾಜ್ಯದ ಶಾಸನಸಭೆ ದೇವದಾಸಿ ಪದ್ಧತಿಯ ಬಗ್ಗೆ ಹೊಸ ಮಸೂದೆ ಅಂಗೀಕರಿಸಿತು. ದೇವದಾಸಿಯ ಮಕ್ಕಳಿಗೆ ತಮ್ಮ ತಂದೆ ಯಾರು ಎಂದು ಗುರುತಿಸಿಕೊಳ್ಳುವ ಹಕ್ಕು ಅದರಲ್ಲಿದೆ, ಬೇಕಾದರೆ ರಕ್ತದ ಪರೀಕ್ಷೆಯಿಂದಲೂ. ನೂರೈವತ್ತು ವರ್ಷದ ಬರವಣಿಗೆಯಲ್ಲಿ ಇಲ್ಲದ ಗಂಡಸು ಇಲ್ಲಿ ಮೊದಲ ಸಲ ಪುಸ್ತಕದ ಬಾಗಿಲಿಗೆ ಬಂದು ನಿಂತಿದ್ದಾನೆ. ಅವನನ್ನು ಒಳಗೆ ಬರೆಸುವುದು ಬರೀ ಕಾನೂನಿನಿಂದ ಆಗುವ ಕೆಲಸವಲ್ಲ. ತಂದೆ ಎಂದು ಬರೆದು ಅಷ್ಟಕ್ಕೇ ಬಿಟ್ಟರೂ ಸಾಲದು. ಆಗ ಆ ತಾಯಿಯ ವಯಸ್ಸು ಎಷ್ಟಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ತಾಲೂಕಿನ ಅಂಕಿ ಹೇಳುವಾಗ ಎಷ್ಟು ಫಿರ್ಯಾದಿ ಬಂದವು, ಎಷ್ಟು ಬರೆದುಕೊಂಡರು, ಎಷ್ಟು ರಾಜಿಯಲ್ಲಿ ಮುಗಿದವು, ಎಷ್ಟು ಮಗುವಿಗೆ ಪರಿಹಾರ ಮುಟ್ಟಿತು ಎಂದು ಬಿಡಿಸಿ ಹೇಳಲಿ. ಶಾಲೆ, ಆಸ್ಪತ್ರೆ, ಠಾಣೆಯ ಪುಸ್ತಕಗಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೆಸರು ಹೊರಗೆ ಹೋಗದಂತೆ ಕೂಡಿಸಿ ಓದಲಿ. ಕೇಸು ಏರಿದ ಠಾಣೆಯನ್ನು ಬಯ್ಯುವುದು ಬಿಡಲಿ, ಸೊನ್ನೆ ಬರೆದ ಠಾಣೆಯನ್ನು ಕರೆದು ಕೇಳಲಿ. ಮಾಸ್ತರರು, ಅಕ್ಕೋರು, ಗೈರುಹಾಜರಾದ ಹುಡುಗಿಯ ಮನೆಗೆ ಒಮ್ಮೆ ಹೋಗಿ ಬರಲಿ. ವಿದ್ಯಾರ್ಥಿ ಗೆಳೆಯರು ಸಂತೆಯಲ್ಲಿ, ಜಾತ್ರೆಯಲ್ಲಿ 1098 ಎಂಬ ನಂಬರನ್ನು ಮಕ್ಕಳ ಬಾಯಿಗೆ ಹತ್ತಿಸಲಿ.

ಬಾಗೇವಾಡಿ ಬಸವಣ್ಣ ಹುಟ್ಟಿದ ಊರು. ಅವನ ಕಲ್ಯಾಣದಲ್ಲಿ ಸೂಳೆ ಸಂಕವ್ವೆಯೂ ಶರಣೆಯಾಗಿ ತನ್ನ ಮಾತು ತಾನೇ ಆಡಿದಳು. ಇಂದು ಅದೇ ಸೀಮೆಯ ಹುಡುಗಿ ಒಂದು ಮಾತು ಆಡಬೇಕಾದರೆ ಐದಾರು ಕಚೇರಿ ದಾಟಬೇಕು. ಆಕೆ ಆಡಿದ ಮಾತು ಆಡಿದ ಹಾಗೇ ಬರೆದುಕೊಳ್ಳುವ ಒಂದು ಕೈ ಪ್ರತಿ ಊರಲ್ಲೂ ಇರಬೇಕು. ಅಲ್ಲಿಯವರೆಗೆ ಯಾವ ತಾಲೂಕಿನ ಸೊನ್ನೆಯನ್ನೂ ನಾವು ನಂಬುವುದಿಲ್ಲ.